ಜನನಾಯಕ ದೇವರಾಜ ಅರಸು

ಮೈಸೂರಿನಿಂದ ದಕ್ಷಿಣ ದಿಕ್ಕಿಗೆ ನಂಜನಗೂಡನ್ನು ದಾಟಿ ಮುಂದೆ ಸಾಗಿದರೆ ಗುಂಡ್ಲುಪೇಟೆ ಸಿಗುತ್ತದೆ. ಅಲ್ಲಿ ಹೆದ್ದಾರಿಯು ಕವಲೊಡೆದು ಒಂದು ದಾರಿ ಬಂಡೀಪುರದ ಕಾಡಿನ ನಡುವೆ ಊಟಿಯ ಕಡೆಗೂ ಇನ್ನೊಂದು ವಯನಾಡಿನ ಕಡೆಗೂ ಹೋಗುತ್ತದೆ. ಪೂರ್ವಕ್ಕೆ ಹೊರಳಿದರೆ ಚಾಮರಾಜನಗರ. ಅದರಾಚೆಗೆ ಬಿಳಿಗಿರಿರಂಗನ ಬೆಟ್ಟಗಳ ನೀಲಿ ಸಾಲು. ಈ ಎರಡು ತಾಲ್ಲೂಕುಗಳು 1997ರಲ್ಲಿ ರಚಿತವಾದ ಚಾಮರಾಜನಗರ ಜಿಲ್ಲೆಗೆ ಸೇರಿವೆ. ಅದಕ್ಕೆ ಮೊದಲು ಇವು ಮೈಸೂರು ಜಿಲ್ಲೆಯ ಅಂಚಿನ ತಾಲ್ಲೂಕುಗಳಾಗಿದ್ದವು. ಕೆರೆಬಯಲಿನ ಸ್ವಲ್ಪ ಗದ್ದೆಯನ್ನು ಬಿಟ್ಟರೆ ಉಳಿದುದೆಲ್ಲ ಮಳೆಯನ್ನೇ ನಂಬಿದ ಹೊಲ. ರಾಗಿ, ಜೋಳ, ಹುರುಳಿ, ಅವರೆಗಳೇ ಇಲ್ಲಿನ ಜನರ ಆಹಾರ ಮತ್ತು ಆಧಾರ.

ಸುಮಾರು 1970ರ ಹೊತ್ತಿಗೆ ಈ ಸೀಮೆಯ ಬಡವರಲ್ಲಿ ನಾಲ್ಕು ಬಗೆಯವರನ್ನು ಕಾಣಬಹುದಾಗಿತ್ತು. ತುಂಡು ಹೊಲವನ್ನು ಸ್ವಂತವಾಗಿ ಹೊಂದಿದ್ದು, ಬಿತ್ತನೆಯ ಕಾಲಕ್ಕೆ ಸಾಲ ಮಾಡಿ, ಸುಗ್ಗಿಯ ಕಾಲಕ್ಕೆ ಬೆಳೆದುದನ್ನೆಲ್ಲ ಅಳೆದುಕೊಡುತ್ತಿದ್ದವರು ಮೊದಲನೆಯವರು. ಇನ್ನೊಬ್ಬರ ಜಮೀನನ್ನು ಗುತ್ತಿಗೆಗೋ ವಾರಕ್ಕೋ ಮಾಡುತ್ತಿದ್ದವರು ಎರಡನೆಯವರು. ಹೊಲವೂ ಇಲ್ಲದೆ, ಗುತ್ತಿಗೆಯೂ ಇಲ್ಲದೆ, ತಂದೆ ಮಾಡಿದ ಸಾಲಕ್ಕಾಗಿ ಗೌಡನ ಮನೆಯಲ್ಲಿ ಜೀತಕ್ಕಿದ್ದವರು ಮೂರನೆಯವರು. ಬೆಟ್ಟದ ಮಡಿಲಲ್ಲಿ ಜೇನು ಕಿತ್ತು, ಗೆಡ್ಡೆಗೆಣಸು ಅಗೆದು, ಕಾಡಿನ ತುಣುಕಿನಲ್ಲಿ ರಾಗಿ ಚೆಲ್ಲಿ ಬಾಳುತ್ತಿದ್ದ ಸೋಲಿಗರು ಮತ್ತು ಜೇನುಕುರುಬರು ನಾಲ್ಕನೆಯವರು. ಹಸಿವು ನಾಲ್ವರಿಗೂ ಒಂದೇ. ಆದರೆ ಸರ್ಕಾರದ ಕಾನೂನು ಹಸಿವನ್ನು ನೇರವಾಗಿ ನೋಡಲಾರದು. ಅದು ವಯಸ್ಸು, ಆದಾಯ, ಕಸುಬು, ಜಾತಿ, ವಾಸಸ್ಥಳ, ದಾಖಲೆ ಇವುಗಳ ಮೂಲಕವೇ ಮನುಷ್ಯನನ್ನು ಗುರುತಿಸುತ್ತದೆ. ಯಾರಿಗೆ ಯಾವ ನೆರವು ಸಲ್ಲಬೇಕು ಎಂಬುದನ್ನು ಗೊತ್ತುಮಾಡುವ ಈ ಗೆರೆಯನ್ನೇ ಅರ್ಹತೆಯ ನಿಯಮವೆನ್ನುತ್ತಾರೆ. ಈ ಗೆರೆಯನ್ನು ಬಡವರ ಕಡೆಗೆ ಸರಿಸಿ ಎಳೆಯಲು ತಮ್ಮ ಅಧಿಕಾರವನ್ನು ಬಳಸಿದ ನಾಯಕರಲ್ಲಿ ಡಿ. ದೇವರಾಜ ಅರಸು ಅವರು ಮುಖ್ಯರು.

ದೇವರಾಜ ಅರಸು ಅವರು 1915ನೆಯ ಇಸವಿ ಆಗಸ್ಟ್ 20ರಂದು ಜನಿಸಿದರು. ಅವರ ಮನೆತನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯದು. ಮೈಸೂರಿನ ಅರಮನೆಯೊಡನೆ ಸಂಬಂಧವುಳ್ಳ ಅರಸು ಜನಾಂಗಕ್ಕೆ ಸೇರಿದ್ದರೂ ಅವರ ಮನೆಯವರು ಬೇಸಾಯಗಾರರು. ಬಾಲಕ ದೇವರಾಜನು ಮೈಸೂರಿನ ಅರಸು ಬೋರ್ಡಿಂಗ್ ಶಾಲೆಯಲ್ಲಿ ಓದಿ, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವಿಜ್ಞಾನದ ಪದವಿಯನ್ನು ಪಡೆದನು. ಅಂದಿನ ದಿನಗಳಲ್ಲಿ ಪದವೀಧರನಿಗೆ ಸರ್ಕಾರಿ ನೌಕರಿ ದುರ್ಲಭವಾಗಿರಲಿಲ್ಲ. ಆದರೆ ಆ ತರುಣನು ಊರಿಗೆ ಮರಳಿ ನೇಗಿಲ ಬೆನ್ನಿಗೆ ನಿಂತನು. ಮಳೆ ಕೈಕೊಟ್ಟ ವರ್ಷ ರೈತನ ಮನೆ ಹೇಗಿರುತ್ತದೆ, ಕೂಲಿಯವನ ಮನೆ ಹೇಗಿರುತ್ತದೆ ಎಂಬುದನ್ನು ಅವನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಕುಸ್ತಿಯಲ್ಲಿ ಆಸಕ್ತಿ, ಓದಿನಲ್ಲಿ ಅದಕ್ಕಿಂತ ಹೆಚ್ಚಿನ ಆಸಕ್ತಿ ಅವರಲ್ಲಿ ಕೊನೆಯವರೆಗೂ ಉಳಿದಿದ್ದವು.

1941ರಲ್ಲಿ ಅರಸು ಅವರು ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. ಆಗ ಅವರಿಗೆ ವಯಸ್ಸು ಇಪ್ಪತ್ತಾರು. ಸ್ವಾತಂತ್ರ್ಯ ಬಂದ ಮೇಲೆ 1952ರ ಮೊದಲ ಮಹಾಚುನಾವಣೆಯಲ್ಲಿ ಹುಣಸೂರಿನಿಂದ ವಿಧಾನಸಭೆಯನ್ನು ಪ್ರವೇಶಿಸಿದರು. ಅನಂತರವೂ ಆ ಕ್ಷೇತ್ರದ ಜನ ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರು. 1960ರ ದಶಕದಲ್ಲಿ ಅವರು ಮಂತ್ರಿಯಾಗಿಯೂ ಕೆಲಸ ಮಾಡಿದರು. 1969ರಲ್ಲಿ ಕಾಂಗ್ರೆಸ್ ಪಕ್ಷವು ಒಡೆದಾಗ ರಾಜ್ಯದ ಪ್ರಬಲ ನಾಯಕರು ಹೆಚ್ಚಾಗಿ ಒಂದು ಕಡೆ ನಿಂತರು. ಅರಸು ಅವರು ಇಂದಿರಾ ಗಾಂಧಿಯವರ ಪಕ್ಷದಲ್ಲಿ ನಿಂತು, ರಾಜ್ಯದಲ್ಲಿ ಅದನ್ನು ಕಟ್ಟುವ ಹೊಣೆ ಹೊತ್ತರು. 1972ರ ಚುನಾವಣೆಯಲ್ಲಿ ಆ ಪಕ್ಷವು ಜಯಗಳಿಸಿತು. ಅದೇ ವರ್ಷ ಮಾರ್ಚ್ 20ರಂದು ಅವರು ಮುಖ್ಯಮಂತ್ರಿಯಾದರು. ಅಂದು ರಾಜ್ಯದ ಹೆಸರು ಇನ್ನೂ ಮೈಸೂರು ಎಂದೇ ಇದ್ದಿತು. 1973ರ ನವೆಂಬರ್ 1ರಂದು ಅದು ಕರ್ನಾಟಕವಾದದ್ದು ಅವರ ಆಡಳಿತ ಕಾಲದಲ್ಲಿಯೇ.

ಅರಸು ಅವರ ಜನಾಂಗ ಸಂಖ್ಯೆಯಲ್ಲಿ ಬಹಳ ಸಣ್ಣದು. ದೊಡ್ಡ ಜಾತಿಯ ಬೆಂಬಲದಿಂದ ಅಧಿಕಾರಕ್ಕೆ ಬರುವುದು ವಾಡಿಕೆಯಾಗಿದ್ದ ರಾಜಕೀಯದಲ್ಲಿ ಅವರಿಗೆ ಆ ಬಲವಿರಲಿಲ್ಲ. ಆದುದರಿಂದ ಅವರು ಸಣ್ಣಸಣ್ಣ ಜಾತಿಗಳವರನ್ನೂ ಪರಿಶಿಷ್ಟರನ್ನೂ ಅಲ್ಪಸಂಖ್ಯಾತರನ್ನೂ ಒಟ್ಟುಗೂಡಿಸಿದರು. ಅದುವರೆಗೆ ಶಾಸನಸಭೆಯ ಮೆಟ್ಟಿಲನ್ನೇ ಹತ್ತದಿದ್ದ ಎಷ್ಟೋ ಸಮುದಾಯಗಳ ತರುಣರಿಗೆ ಚುನಾವಣೆಗೆ ನಿಲ್ಲುವ ಅವಕಾಶ ಕಲ್ಪಿಸಿದರು. ಇದರಲ್ಲಿ ರಾಜಕೀಯ ಲೆಕ್ಕಾಚಾರವೂ ಇದ್ದಿತು, ನ್ಯಾಯಬುದ್ಧಿಯೂ ಇದ್ದಿತು. ಎರಡೂ ಒಂದೇ ದಾರಿಯಲ್ಲಿ ಕೂಡಿ ನಡೆದುದು ನಾಡಿನ ಬಡವರ ಭಾಗ್ಯವೆನ್ನಬೇಕು.

ಭಾರತದ ಸಂವಿಧಾನವು ವೃದ್ಧಾಪ್ಯ, ಕಾಯಿಲೆ, ನಿರುದ್ಯೋಗಗಳಿಗೆ ಸಿಲುಕಿದವರಿಗೆ ಸರ್ಕಾರವು ತನ್ನ ಶಕ್ತಿಗೆ ತಕ್ಕಂತೆ ನೆರವಾಗಬೇಕೆಂದು 41ನೆಯ ವಿಧಿಯಲ್ಲಿಯೂ, ದುರ್ಬಲ ವರ್ಗಗಳ ಹಿತವನ್ನು ವಿಶೇಷವಾಗಿ ಕಾಯಬೇಕೆಂದು 46ನೆಯ ವಿಧಿಯಲ್ಲಿಯೂ ಹೇಳುತ್ತದೆ. ಆದರೆ ದುರ್ಬಲರು ಯಾರು ಎಂಬುದನ್ನು ಗೊತ್ತುಮಾಡುವ ನಿಯಮಗಳನ್ನು ಸರ್ಕಾರಗಳೇ ರಚಿಸಬೇಕು. ನಿಯಮ ತೀರ ಸಡಿಲವಾದರೆ ಉಳ್ಳವರೇ ಮುಂದೆ ನುಗ್ಗಿ ನೆರವನ್ನು ಬಾಚಿಕೊಳ್ಳುತ್ತಾರೆ. ತೀರ ಬಿಗಿಯಾದರೆ ನಿಜವಾದ ಬಡವನೇ ದಾಖಲೆಯಿಲ್ಲದೆ ಹೊರಗುಳಿಯುತ್ತಾನೆ. ಈ ಇಕ್ಕಟ್ಟು ಎಲ್ಲ ದೇಶಗಳ ಸರ್ಕಾರಗಳಿಗೂ ಇದ್ದುದೇ. ಅರಸು ಅವರ ಆಡಳಿತವು ಈ ಇಕ್ಕಟ್ಟನ್ನು ಹೇಗೆ ಎದುರಿಸಿತು ಎಂಬುದನ್ನು ಅವರ ಕಾಲದ ಮೂರು ಕಾನೂನುಗಳಲ್ಲಿ ಸ್ಪಷ್ಟವಾಗಿ ಕಾಣಬಹುದು.

ಅವುಗಳಲ್ಲಿ ಮೊದಲನೆಯದು ಭೂಸುಧಾರಣೆ. ರಾಜ್ಯದಲ್ಲಿ 1961ರ ಭೂಸುಧಾರಣಾ ಕಾನೂನು 1965ರಿಂದಲೇ ಜಾರಿಯಲ್ಲಿದ್ದಿತು. ಆದರೆ ಅದರಲ್ಲಿ ಜಮೀನುದಾರನು ನುಸುಳಿಕೊಳ್ಳಲು ಕಂಡಿಗಳು ಬಹಳ ಇದ್ದವು. ಅರಸು ಅವರ ಸರ್ಕಾರವು ಅದಕ್ಕೆ ಮಹತ್ವದ ತಿದ್ದುಪಡಿಯನ್ನು ತಂದಿತು. ಆ ಕಾಲದಲ್ಲಿ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದವರು ಗುಂಡ್ಲುಪೇಟೆಯ ಪ್ರತಿನಿಧಿಯಾದ ಕೆ.ಎಸ್. ನಾಗರತ್ನಮ್ಮನವರು, ರಾಜ್ಯದ ವಿಧಾನಸಭೆಗೆ ಅಧ್ಯಕ್ಷರಾದ ಮೊದಲ ಮಹಿಳೆ ಅವರು. ತಿದ್ದುಪಡಿಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು. ಅಂದಿನ ದಿನ ಗೇಣಿಯಲ್ಲಿದ್ದ ಜಮೀನೆಲ್ಲವೂ, ಕಾನೂನೇ ಬಿಟ್ಟುಕೊಟ್ಟ ಕೆಲವನ್ನುಳಿದು, ಸರ್ಕಾರಕ್ಕೆ ಸೇರಿತು. ಅದನ್ನು ಉಳುತ್ತಿದ್ದವನು ಅರ್ಜಿ ಹಾಕಿ, ಗೊತ್ತುಪಡಿಸಿದ ಹಣವನ್ನು ಸಲ್ಲಿಸಿ, ಆ ಜಮೀನಿಗೆ ಅಧಿಭೋಗದಾರನಾಗಬಹುದೆಂದು ವಿಧಿಸಲಾಯಿತು. ಒಂದು ಕುಟುಂಬವು ಇಟ್ಟುಕೊಳ್ಳಬಹುದಾದ ಜಮೀನಿಗೆ ಹತ್ತು ಯೂನಿಟ್ಟುಗಳ ಮಿತಿಯನ್ನು ಹಾಕಲಾಯಿತು. ಉತ್ತಮ ನೀರಾವರಿ ಜಮೀನಾದರೆ ಅದು 10 ಎಕರೆ. ಗುಂಡ್ಲುಪೇಟೆಯಂಥ ಸೀಮೆಯ ಮಳೆಯಾಶ್ರಿತ ಹೊಲವಾದರೆ 54 ಎಕರೆ. ಹೆಚ್ಚಿನ ಜಮೀನನ್ನು ಭೂರಹಿತರಿಗೆ ಹಂಚಬೇಕೆಂದು ಕಾನೂನು ಹೇಳಿತು.

ಅರ್ಜಿಗೆ ಏಳನೆಯ ನಮೂನೆ ಎಂದು ಹೆಸರು. ಅದನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳನ್ನು ರಚಿಸಲಾಯಿತು. ಅಸಿಸ್ಟೆಂಟ್ ಕಮಿಷನರ್ ದರ್ಜೆಯ ಅಧಿಕಾರಿ ಅದರ ಅಧ್ಯಕ್ಷ. ಸರ್ಕಾರ ನೇಮಿಸಿದ ಜನಪ್ರತಿನಿಧಿಗಳು ಸದಸ್ಯರು. ಸದಸ್ಯರಲ್ಲಿ ಪರಿಶಿಷ್ಟ ಜಾತಿ ಅಥವಾ ಪಂಗಡದವರೊಬ್ಬರು ಇರಲೇಬೇಕೆಂಬ ನಿಯಮವಿದ್ದಿತು. ಮೊದಮೊದಲು ಅಲ್ಲಿ ವಕೀಲರು ವಾದಿಸುವಂತಿರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಸಾಮಾನ್ಯ ಅಪೀಲಿಗೂ ಎಡೆಯಿರಲಿಲ್ಲ. ಹಣವುಳ್ಳ ಜಮೀನುದಾರನು ಒಳ್ಳೆಯ ವಕೀಲನನ್ನು ಇಟ್ಟು, ಕೋರ್ಟಿನಿಂದ ಕೋರ್ಟಿಗೆ ಎಳೆದು, ಗೇಣಿದಾರನನ್ನು ಸುಸ್ತುಮಾಡಬಾರದೆಂಬುದು ಇದರ ಉದ್ದೇಶವಾಗಿತ್ತು. ಅರ್ಜಿ ಸಲ್ಲಿಸಲು ಮೊದಲು 1974ರ ಕೊನೆಯ ತನಕ ಅವಧಿಯಿದ್ದಿತು. ಹಳ್ಳಿಯ ಜನಕ್ಕೆ ಸುದ್ದಿ ಮುಟ್ಟುವುದೇ ನಿಧಾನವಾದುದರಿಂದ ಅದನ್ನು ಹಲವು ಸಲ ಮುಂದೂಡಿ, ಕೊನೆಗೆ 1979ರ ಜೂನ್ 30ರವರೆಗೆ ವಿಸ್ತರಿಸಲಾಯಿತು. ರಾಜ್ಯದಲ್ಲಿ ಸುಮಾರು ಎಂಟು ಲಕ್ಷ ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚಿನವು ಗೇಣಿದಾರರ ಪರವಾಗಿ ತೀರ್ಮಾನವಾದವು. ಲಕ್ಷಾಂತರ ಕುಟುಂಬಗಳು ಒಂದೇ ತಲೆಮಾರಿನಲ್ಲಿ ಗೇಣಿಯಿಂದ ಒಡೆತನಕ್ಕೆ ಏರಿದವು.

ಆದರೆ ಈ ಕಾನೂನಿನ ಬೆಳಕು ಎಲ್ಲೆಡೆಯೂ ಒಂದೇ ಸಮನಾಗಿ ಬೀಳಲಿಲ್ಲ. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿ ಮತ್ತು ಮಲೆನಾಡುಗಳಲ್ಲಿ ಅದರ ಫಲ ಹೆಚ್ಚು. ದಕ್ಷಿಣ ಕನ್ನಡ, ಉತ್ತರ ಕನ್ನಡ, ಶಿವಮೊಗ್ಗ ಜಿಲ್ಲೆಗಳ ಹಳ್ಳಿಗಳ ರೂಪವೇ ಬದಲಾಯಿತು. ಮೈಸೂರು ಸೀಮೆಯ ಬೆದ್ದಲು ನಾಡಿನಲ್ಲಿ ಗೇಣಿ ಕಡಮೆ. ಇದ್ದ ಗೇಣಿಯೂ ಬಹಳಮಟ್ಟಿಗೆ ಬಾಯಿಮಾತಿನದು. ಕರಾರುಪತ್ರವಿಲ್ಲ, ರಸೀದಿಯಿಲ್ಲ, ಪಹಣಿಯ ಸಾಗುವಳಿ ಕಲಮಿನಲ್ಲಿ ಜಮೀನುದಾರನ ಹೆಸರೇ ಇರುತ್ತಿದ್ದಿತು. ಹತ್ತು ವರ್ಷ ಬೆವರು ಸುರಿಸಿದವನೂ ಕಾಗದದ ಮುಂದೆ ಯಾರೂ ಅಲ್ಲದವನಾಗುವ ಅಪಾಯವಿದ್ದಿತು. ಅಂಥ ಕಡೆ ನೆರೆಹೊರೆಯವರ ಸಾಕ್ಷ್ಯವೇ ಆಧಾರ. ಜಮೀನುದಾರನ ಎದುರಿಗೆ ಸಾಕ್ಷಿ ನುಡಿಯಲು ನೆರೆಯವನಿಗೆ ಧೈರ್ಯ ಬೇಕು. ಇನ್ನು ಕೂಲಿಯವನು ಗೇಣಿದಾರನೇ ಅಲ್ಲವಾದುದರಿಂದ ಏಳನೆಯ ನಮೂನೆ ಅವನ ಪಾಲಿಗೆ ಬರಿಯ ಹಾಳೆ. ಪರರ ಜಮೀನಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕೃಷಿ ಕಾರ್ಮಿಕನಿಗೆ ಆ ವಾಸದ ಜಾಗದ ಹಕ್ಕನ್ನು ಕೊಡುವ ಏರ್ಪಾಡನ್ನು ಇದೇ ಕಾನೂನಿನಲ್ಲಿ ಸೇರಿಸಲಾಯಿತು. ಇನ್ನೊಂದು ಕಡೆ, ಅಲ್ಪಸ್ವಲ್ಪ ಜಮೀನನ್ನು ಗೇಣಿಗೆ ಕೊಟ್ಟು ಅದರ ಧಾನ್ಯದಿಂದಲೇ ದಿನ ದೂಡುತ್ತಿದ್ದ ಸಣ್ಣ ಹಿಡುವಳಿದಾರರೂ ವಿಧವೆಯರೂ ಜಮೀನನ್ನು ಕಳೆದುಕೊಂಡ ಉದಾಹರಣೆಗಳಿವೆ. ಒಳ್ಳೆಯ ಗೆರೆಯೂ ಎಳೆಯುವಾಗ ಕೆಲವರ ಅಂಗಳವನ್ನು ಸೀಳಿಕೊಂಡು ಹೋಗುತ್ತದೆ.

ಎರಡನೆಯದು ಸಾಲ ಮತ್ತು ಜೀತಗಳಿಂದ ಬಿಡುಗಡೆ. ಮದುವೆಗೋ ಕಾಯಿಲೆಗೋ ಕೆಲವು ನೂರು ರೂಪಾಯಿ ಸಾಲ ಪಡೆದವನು ಬಡ್ಡಿ ತೀರಿಸಲಾರದೆ ದುಡಿಮೆಯನ್ನೇ ಒತ್ತೆಯಿಡುವುದು ಜೀತ. ದುಡಿದಷ್ಟೂ ಸಾಲ ಕರಗುವುದಿಲ್ಲ. ತಂದೆಯ ಬಳಿಕ ಮಗನ ಹೆಗಲಿಗೆ ಅದು ಏರುತ್ತದೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ, ಮುಖ್ಯವಾಗಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನ ಈ ಬಲೆಗೆ ಸಿಕ್ಕಿದ್ದರು. 1975ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಸುಗ್ರೀವಾಜ್ಞೆಯ ಮೂಲಕ ಜೀತಪದ್ಧತಿಯನ್ನು ನಿಷೇಧಿಸಿತು. 1976ರಲ್ಲಿ ಅದು ಕಾನೂನಾಯಿತು. ಅದೇ ಹೊತ್ತಿಗೆ ರಾಜ್ಯ ಸರ್ಕಾರವು ಸಣ್ಣ ರೈತರು, ಭೂಹೀನ ಕೃಷಿ ಕಾರ್ಮಿಕರು ಹಾಗೂ ದುರ್ಬಲ ವರ್ಗದವರ ಖಾಸಗಿ ಸಾಲಗಳನ್ನು ರದ್ದುಗೊಳಿಸುವ ಋಣಪರಿಹಾರ ಕಾನೂನನ್ನು ತಂದಿತು. ಗಿರವಿಯಿಟ್ಟ ತಾಳಿ, ತಂಬಿಗೆಗಳನ್ನು ಸಾಲಿಗನಿಗೆ ಹಿಂದಿರುಗಿಸಬೇಕಾಯಿತು.

ಜೀತ ವಿಮುಕ್ತಿಯ ಕಾನೂನಿನಲ್ಲಿ ಗಮನಿಸಬೇಕಾದ ಒಂದು ಅಂಶವಿದೆ. ಸಾಮಾನ್ಯವಾಗಿ ನೆರವನ್ನು ಬೇಡುವವನೇ ತನ್ನ ಅರ್ಹತೆಯನ್ನು ರುಜುವಾತುಪಡಿಸಬೇಕು. ಇಲ್ಲಿ ಹಾಗಲ್ಲ. ಇದು ಜೀತದ ಸಾಲವೆಂದು ದುಡಿಯುವವನು ಹೇಳಿದರೆ, ಅಲ್ಲವೆಂದು ಸಾಧಿಸುವ ಹೊಣೆ ಸಾಲ ಕೊಟ್ಟವನದು. ಓದುಬರಹ ಬಾರದ ಜೀತದಾಳಿನ ಬಳಿ ಕಾಗದಪತ್ರ ಇರಲಾರದೆಂಬುದನ್ನು ಅರಿತ ಕಾನೂನು, ರುಜುವಾತಿನ ಭಾರವನ್ನು ಕಾಗದ ಇಟ್ಟುಕೊಂಡವನ ಮೇಲೆಯೇ ಹೊರಿಸಿತು. ಜೀತಕ್ಕಿಟ್ಟುಕೊಂಡವನಿಗೆ ಮೂರು ವರ್ಷದವರೆಗೆ ಸೆರೆವಾಸ, ಎರಡು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶವಾಯಿತು. ಆದರೆ ಬಿಡುಗಡೆ ಹೊಂದಿದವನು ಮರುದಿನದ ಕೂಳಿಗೆ ಏನು ಮಾಡಬೇಕು? ಕೈಯಲ್ಲಿ ಕಾಸಿಲ್ಲದವನು ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಇದನ್ನು ತಪ್ಪಿಸಲು 1978ರಲ್ಲಿ ಪುನರ್ವಸತಿ ಯೋಜನೆ ಬಂದಿತು. ಬಿಡುಗಡೆಯಾದ ಒಬ್ಬೊಬ್ಬ ಜೀತದಾಳಿಗೆ 4,000 ರೂಪಾಯಿಯವರೆಗೆ ನೆರವು. ಅದರಲ್ಲಿ ಅರ್ಧ ಕೇಂದ್ರದ್ದು, ಅರ್ಧ ರಾಜ್ಯದ್ದು. ಇದಕ್ಕೆ ಅಧಿಕಾರಿಗಳು ಕೊಡುವ ಬಿಡುಗಡೆ ಪತ್ರವೇ ಆಧಾರ. ಆ ಒಂದು ಹಾಳೆಯಿಲ್ಲದವನು ಜೀತದಿಂದ ಹೊರಬಂದಿದ್ದರೂ ಸರ್ಕಾರದ ಲೆಕ್ಕದಲ್ಲಿ ಜೀತಮುಕ್ತನಲ್ಲ. ಹಕ್ಕು ಕಾನೂನಿನಲ್ಲಿ ಹುಟ್ಟಿದರೂ ಬಡವನ ಕೈಗೆ ಬರುವುದು ಕಾಗದದ ರೂಪದಲ್ಲಿಯೇ.

ಅರಸು ಅವರ ಮಂತ್ರಿಮಂಡಲದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡುದೂ ಈ ಕಾಲದಲ್ಲಿಯೇ. ನೆರವು ಎಂದರೆ ಹಣ ಮಾತ್ರವಲ್ಲ, ಮಾನವೂ ಹೌದೆಂಬುದನ್ನು ಆ ಕ್ರಮವು ತೋರಿಸಿಕೊಟ್ಟಿತು.

ಮೂರನೆಯದು ಹಿಂದುಳಿದ ವರ್ಗಗಳ ಮೀಸಲಾತಿ. ಇದು ಮೈಸೂರಿಗೆ ಹೊಸತಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿಯೇ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿ, ಸರ್ಕಾರಿ ನೌಕರಿಯಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ದೊರೆಯುವಂತೆ ಮಾಡಿದ್ದರು. ಆದರೆ ಹಿಂದುಳಿದವರು ಯಾರು ಎಂಬ ಪ್ರಶ್ನೆ ಸ್ವಾತಂತ್ರ್ಯಾನಂತರ ಮತ್ತೆ ಜಟಿಲವಾಯಿತು. 1962ರಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಮೀಸಲಾತಿ ಆದೇಶವನ್ನು ತಳ್ಳಿಹಾಕಿದ ಮೇಲೆ, ಕುಟುಂಬದ ಆದಾಯ ಮತ್ತು ಕಸುಬುಗಳನ್ನೇ ಅರ್ಹತೆಯ ಅಳತೆಗೋಲಾಗಿ ಬಳಸಲಾಗುತ್ತಿದ್ದಿತು. ಅರಸು ಅವರು 1972ರ ಆಗಸ್ಟಿನಲ್ಲಿ ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗವನ್ನು ನೇಮಿಸಿದರು. ಆಯೋಗವು ಊಹೆಯನ್ನು ನೆಚ್ಚಿಕೊಳ್ಳಲಿಲ್ಲ. ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಮೂರೂವರೆ ಲಕ್ಷದಷ್ಟು ಜನರ ಸಮೀಕ್ಷೆ ನಡೆಸಿತು. ಮೂರು ವರ್ಷ ದುಡಿದು 1975ರ ನವೆಂಬರಿನಲ್ಲಿ ವರದಿ ಒಪ್ಪಿಸಿತು.

ಆಯೋಗವು ಆರಿಸಿಕೊಂಡ ಒಂದು ಅಳತೆಗೋಲು ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯನ್ನು ಉಂಟುಮಾಡತಕ್ಕದ್ದು. ಅದು 1972ರ ಎಸ್.ಎಸ್.ಎಲ್.ಸಿ. ಪರೀಕ್ಷೆ. ಒಂದೊಂದು ಜಾತಿಯಲ್ಲಿಯೂ ಪ್ರತಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಆ ವರ್ಷ ತೇರ್ಗಡೆಯಾದರು ಎಂಬುದನ್ನು ಆಯೋಗ ಲೆಕ್ಕ ಹಾಕಿತು. ಇಡೀ ರಾಜ್ಯದ ಸರಾಸರಿ ಸಾವಿರಕ್ಕೆ 1.69. ಈ ಸರಾಸರಿಗಿಂತ ಕೆಳಗಿದ್ದು ಅದರ ಅರ್ಧಕ್ಕಿಂತ ಮೇಲಿದ್ದವರನ್ನು ಹಿಂದುಳಿದ ಸಮುದಾಯಗಳೆಂದೂ, ಅರ್ಧಕ್ಕಿಂತಲೂ ಕೆಳಗಿದ್ದವರನ್ನು ಹಿಂದುಳಿದ ಜಾತಿಗಳು ಮತ್ತು ಹಿಂದುಳಿದ ಬುಡಕಟ್ಟುಗಳೆಂದೂ ವಿಂಗಡಿಸಿತು. ಸರ್ಕಾರಿ ನೌಕರಿಯಲ್ಲಿ ಆಯಾ ಜಾತಿಯವರು ಎಷ್ಟಿದ್ದಾರೆಂಬುದನ್ನೂ ನೋಡಿತು. ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸ್ವಲ್ಪ ಮುಂದಿರುವವನೇ ಎಲ್ಲವನ್ನೂ ಪಡೆಯುತ್ತಾನೆ. ಆದುದರಿಂದ ಹಿಂದುಳಿದವರಲ್ಲಿಯೇ ತೀರ ಹಿಂದುಳಿದವರಿಗೆ ಬೇರೆ ಸಾಲು ಬೇಕೆಂಬುದು ಇದರ ತಿರುಳು. 1977ರ ಫೆಬ್ರವರಿಯಲ್ಲಿ ಸರ್ಕಾರವು ಈ ವರದಿಯ ಆಧಾರದ ಮೇಲೆ ಕೆಲವು ಮಾರ್ಪಾಟುಗಳೊಡನೆ ಆದೇಶ ಹೊರಡಿಸಿತು. ಜಾತಿಯ ಪಟ್ಟಿಯಲ್ಲಿ ಸೇರದಿದ್ದರೂ ಆದಾಯ ಕಡಮೆಯಿದ್ದು ಬೇಸಾಯ, ಕೈಕಸುಬು, ಸಣ್ಣ ವ್ಯಾಪಾರ ಅಥವಾ ಮೈದುಡಿಮೆಯಿಂದ ಬಾಳುವವರ ಮಕ್ಕಳಿಗಾಗಿ ವಿಶೇಷ ಗುಂಪು ಎಂಬ ಬೇರೊಂದು ವರ್ಗವನ್ನೂ ಕಲ್ಪಿಸಿತು.

ಈ ಆದೇಶಕ್ಕೆ ವಿರೋಧವೂ ಬಲವಾಗಿಯೇ ಬಂದಿತು. ಪಟ್ಟಿಯಿಂದ ಹೊರಗುಳಿದ ಸಮುದಾಯಗಳು ಅಳತೆಗೋಲೇ ಸರಿಯಿಲ್ಲವೆಂದು ವಾದಿಸಿದವು. ವಿವಾದವು ನ್ಯಾಯಾಲಯಗಳನ್ನು ಹತ್ತಿತು. ಮುಂದೆ 1980ರ ದಶಕದಲ್ಲಿ ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗಗಳು ನೇಮಕಗೊಂಡು ಪಟ್ಟಿಯನ್ನು ಮತ್ತೆ ಪರಿಶೀಲಿಸಿದವು. ಅರ್ಹತೆಯ ಪಟ್ಟಿ ಕಲ್ಲಿನ ಮೇಲಿನ ಬರಹವಲ್ಲ. ಜನರ ಸ್ಥಿತಿ ಬದಲಾದಂತೆ ಅದೂ ಬದಲಾಗಬೇಕು. ಆದರೆ ಅಂಕಿಅಂಶಗಳನ್ನು ಕಲೆಹಾಕಿ, ಹಿಂದುಳಿದಿರುವಿಕೆಯನ್ನು ಅಳೆದು, ಅನಂತರ ನೆರವನ್ನು ನಿರ್ಧರಿಸುವ ದಾರಿಯನ್ನು ಹಾವನೂರು ಆಯೋಗ ತೆರೆಯಿತು. ಹಿಂದುಳಿದ ವರ್ಗಗಳಿಗಾಗಿಯೇ ಪ್ರತ್ಯೇಕ ಇಲಾಖೆ ಏರ್ಪಟ್ಟು, ವಿದ್ಯಾರ್ಥಿನಿಲಯಗಳೂ ವಿದ್ಯಾರ್ಥಿವೇತನಗಳೂ ಹೆಚ್ಚಿದವು. ಕುಂಬಾರ, ಅಗಸ, ಗಾಣಿಗ, ಉಪ್ಪಾರರೇ ಮುಂತಾದ ಕಸುಬುದಾರರ ಮಕ್ಕಳು ತಾಲ್ಲೂಕು ಕೇಂದ್ರದ ವಿದ್ಯಾರ್ಥಿನಿಲಯದಲ್ಲಿ ಊಟ ಮಾಡಿ ಹೈಸ್ಕೂಲು ಓದುವ ದಿನ ಬಂದಿತು.

ಇಷ್ಟಾದರೂ ನಾಲ್ಕನೆಯ ಬಗೆಯ ಬಡವರ ವಿಷಯ ಉಳಿದೇ ಇದ್ದಿತು. ಬಂಡೀಪುರವು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾಯಿತು. ಯಾವ ವರ್ಷ ಉಳುವವನಿಗೆ ಹೊಲವೆಂದು ಕಾನೂನು ಬಂದಿತೋ ಅದೇ ವರ್ಷ ಬೆಟ್ಟದ ಸೋಲಿಗನು ತಾನು ಬಿತ್ತುತ್ತಿದ್ದ ನೆಲದಿಂದ ದೂರ ಸರಿಯಬೇಕಾಯಿತು. ಅವನು ಯಾರ ಗೇಣಿದಾರನೂ ಅಲ್ಲ. ಅವನ ನೆಲ ಅರಣ್ಯ ಇಲಾಖೆಯದು. ಆದುದರಿಂದ ಏಳನೆಯ ನಮೂನೆ ಅವನಿಗೆ ಅನ್ವಯಿಸಲಿಲ್ಲ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಹೆಸರಿದ್ದರೂ ಕಾಲ ಕೆಳಗಿನ ನೆಲಕ್ಕೆ ಹಕ್ಕಿರಲಿಲ್ಲ. ಅರಸು ಅವರ ಕಾಲದ ಕಾನೂನುಗಳು ಮುಟ್ಟದೆ ಹೋದ ತಾವು ಇದು. 2006ರ ಅರಣ್ಯ ಹಕ್ಕು ಕಾಯಿದೆ ಬರುವವರೆಗೆ ಮೂವತ್ತು ವರ್ಷಕ್ಕೂ ಮಿಕ್ಕಿ ಅವರು ಕಾಯಬೇಕಾಯಿತು. ಆ ಕಾಯಿದೆಯಂತೆ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಕಾಡಿನಲ್ಲಿ ವಾಸಿಸುತ್ತ, ಜೀವನಕ್ಕೆ ಅದನ್ನೇ ನಂಬಿದ ಬುಡಕಟ್ಟಿನವರು ಹಕ್ಕಿಗೆ ಅರ್ಹರು. ಅರ್ಜಿಯನ್ನು ಮೊದಲು ನೋಡುವುದು ಕಚೇರಿಯಲ್ಲ, ಅವರದೇ ಗ್ರಾಮಸಭೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂಥ ಹಕ್ಕು ಮಾನ್ಯವಾದುದು ದೇಶದಲ್ಲಿ ಅದೇ ಮೊದಲು.

ಅರಸು ಅವರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. ಅವರ ಆಡಳಿತದ ಮೇಲೆ ಆರೋಪಗಳು ಕೇಳಿಬಂದು, 1977ರಲ್ಲಿ ಕೇಂದ್ರ ಸರ್ಕಾರವು ಗ್ರೋವರ್ ವಿಚಾರಣಾ ಆಯೋಗವನ್ನು ನೇಮಿಸಿತು. ಆ ವರ್ಷದ ಕೊನೆಯ ದಿನ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಜಾರಿಯಾಯಿತು. 1978ರ ಚುನಾವಣೆಯಲ್ಲಿ ಜನ ಅವರನ್ನೇ ಮತ್ತೆ ಅಧಿಕಾರಕ್ಕೆ ತಂದರು. ಆದರೆ 1979ರಲ್ಲಿ ಅವರಿಗೂ ಇಂದಿರಾ ಗಾಂಧಿಯವರಿಗೂ ವಿರಸ ಹುಟ್ಟಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಬಣ ಸೋತಿತು. ಹಿಂದೆ ನಿಂತಿದ್ದ ಶಾಸಕರಲ್ಲಿ ಬಹುಮಂದಿ ದೂರ ಸರಿದರು. ಅವರ ಕೈಹಿಡಿದು ಮೇಲೆ ಬಂದವರೂ ಆ ಗುಂಪಿನಲ್ಲಿದ್ದರು. ಜನವರಿ 12ರಂದು ಅರಸು ಅವರು ಅಧಿಕಾರದಿಂದ ಇಳಿದರು. 1982ರ ಜೂನ್ 6ರಂದು ಅವರು ನಿಧನರಾದರು. ಆಗ ಅವರಿಗೆ ಅರವತ್ತೇಳೂ ತುಂಬಿರಲಿಲ್ಲ.

ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮವೂ ಎಷ್ಟೋ ವಿದ್ಯಾರ್ಥಿನಿಲಯಗಳೂ ಅವರ ಹೆಸರನ್ನು ಹೊತ್ತಿವೆ. ಆದರೆ ಅವರ ನಿಜವಾದ ಸ್ಮಾರಕವನ್ನು ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಹುಡುಕಬೇಕು. ಅಲ್ಲಿ ಹಳದಿಗಟ್ಟಿದ ಕಡತಗಳ ನಡುವೆ ಏಳನೆಯ ನಮೂನೆಯ ಅರ್ಜಿಗಳಿವೆ. ಹಲವಕ್ಕೆ ರುಜುವಿಲ್ಲ, ಹೆಬ್ಬೆಟ್ಟಿನ ಗುರುತಿದೆ. ತನ್ನ ಹೆಸರನ್ನು ಬರೆಯಲಾರದ ಮನುಷ್ಯನು ಆ ಮಸಿಯ ಗುರುತಿನಿಂದ ತಾನು ಉಳುವ ನೆಲ ತನ್ನದೆಂದು ಸರ್ಕಾರಕ್ಕೆ ತಿಳಿಸಿದ್ದಾನೆ. ಅವನ ಮೊಮ್ಮಗಳು ಇಂದು ಅದೇ ಕಚೇರಿಯ ಕಿಟಕಿಯ ಮುಂದೆ ಆದಾಯ ಮತ್ತು ಜಾತಿ ಪ್ರಮಾಣಪತ್ರಕ್ಕಾಗಿ ನಿಂತಿರಬಹುದು. ಆಕೆಯ ಕೈಯಲ್ಲಿ ಹೆಬ್ಬೆಟ್ಟಿನ ಮಸಿಯಿಲ್ಲ, ಲೇಖನಿಯಿದೆ. ಅರ್ಜಿಯನ್ನು ಆಕೆ ತಾನೇ ಓದಬಲ್ಲಳು, ನಿಯಮವೇನೆಂದು ಕೇಳಬಲ್ಲಳು, ಕಾರಣವಿಲ್ಲದೆ ತಿರಸ್ಕರಿಸಿದರೆ ಮೇಲಿನವರಿಗೆ ದೂರಬಲ್ಲಳು. ದೇವರಾಜ ಅರಸು ಅವರ ಬಾಳಿನ ದುಡಿಮೆ ಫಲಿಸಿರುವುದು ಇಲ್ಲಿ.